ಕೆಳಗಿನ ಎರಡು ಬೋಲ್ಟು

ಬೈರಿಗೆಯ ಮುರಿದ ಮೊನೆ ಅಂಗಿಯ ಕಿಸೆಯಲ್ಲೇ ಇದೆಯೇ ಎಂದು ಸೂಗಪ್ಪ ಬೆಳಗಿನಿಂದ ಮೂರು ಸಲ ಮುಟ್ಟಿ ನೋಡಿಕೊಂಡಿದ್ದ. ಇತ್ತು. ಅರ್ಧ ಬೆರಳುದ್ದದ, ಇನ್ನು ಯಾತಕ್ಕೂ ಬಾರದ ಉಕ್ಕಿನ ಚೂರು. ಎಸೆದಿದ್ದರೆ ಮುಗಿಯುತ್ತಿತ್ತು. ಕಬ್ಬಿಣದ ಚೂರು ಎಸೆಯಲು ರಾಯಚೂರಿನಲ್ಲಿ ಜಾಗಕ್ಕೇನೂ ಬರವಿರಲಿಲ್ಲ, ಅವನ ಕುಲುಮೆಯ ಹಿಂದೆಯೇ ಒಂದು ಗುಡ್ಡೆ ಬಿದ್ದಿತ್ತು. ಆದರೆ ಎಸೆಯಲು ಹೋದಾಗಲೆಲ್ಲ ಕೈ ತಿರುಗಿ ಕಿಸೆಗೇ ಬರುತ್ತಿತ್ತು. ಮೊನೆಯ ಇನ್ನರ್ಧ ಜಿಲಾನಿ ಪಾಷಾರ ಜೀಪಿನ ಹಿಂಬದಿಯಲ್ಲಿ, ಅಡಿಯ ಉಕ್ಕಿನ ಅಡ್ಡಪಟ್ಟಿಯೊಳಗೆ ಸಿಕ್ಕಿಬಿದ್ದಿತ್ತು. ಅದರ ಮೇಲೆ ಕರಗಿಸಿ ಹೊಯ್ದ ಸೀಸ, ಸೀಸದಲ್ಲಿ ಕೂತ ತುಂಡು ಬೋಲ್ಟು, ಬೋಲ್ಟಿನ ತಲೆಯ ಮೇಲೆ ಹಸಿರು ಬಣ್ಣ. ನೋಡಿದವರಿಗೆ ಕಾಣುತ್ತಿದ್ದದ್ದು ಬಣ್ಣ ಮಾತ್ರ. ಬಣ್ಣ ಚೆನ್ನಾಗಿತ್ತು.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪು ಅದು. ಮಿಕ್ಕ ಮೋಟಾರುಗಳಿಗೆ ಹಿಂದಿನ ಎರಡು ಗಾಲಿಯಷ್ಟೇ ಎಳೆಯುತ್ತವೆ, ಇದಕ್ಕೆ ನಾಲ್ಕೂ ಎಳೆಯುತ್ತವೆ, ಎರೆಮಣ್ಣಿನಲ್ಲೂ ನಿಲ್ಲುವುದಿಲ್ಲ ಎಂದು ಜಿಲಾನಿ ಪಾಷಾ ಸಿಕ್ಕವರಿಗೆಲ್ಲ ಹೇಳಿದ್ದರು. ಶೇಂಗಾ ವ್ಯಾಪಾರದವರು, ಮಳೆಗಾಲದಲ್ಲಿ ಅವರ ಬಂಡಿಗಳು ಎಲ್ಲೆಂದರಲ್ಲಿ ಹೂತುಕೊಳ್ಳುತ್ತಿದ್ದವು. ಎಳೆದು ತೆಗೆಯಲು ಜೀಪಿನ ಹಿಂದೆ ಗಟ್ಟಿ ಕೊಕ್ಕೆಯೊಂದು ಬೇಕಿತ್ತು. ಮೊದಲಿದ್ದ ಕೊಕ್ಕೆಯನ್ನು ಹರಾಜಿಗೆ ಮುಂಚೆ ಯಾರೋ ಬಿಚ್ಚಿಕೊಂಡಿದ್ದರು. ಸ್ಟೇಷನ್ ಹತ್ತಿರ ದೊಡ್ಡ ಕಾರ್ಖಾನೆ ಇಟ್ಟಿದ್ದ ಮಲಂಗಸಾಬ ನಾಲ್ಕು ದಿನ ಬೇಕೆಂದ. ಸೂಗಪ್ಪ ಎರಡು ದಿನ ಸಾಕೆಂದ. ಹಾಗೆ ಏಕೆ ಅಂದೆನೆಂದು ಅವನು ಆಮೇಲೆ ಬಹಳ ಸಲ ಕೇಳಿಕೊಂಡಿದ್ದ. ಎರಡು ದಿನ ಎಂದ ಕೂಡಲೇ ಜಿಲಾನಿ ಪಾಷಾ ಅವನನ್ನು 'ಮಿಸ್ತ್ರೀ' ಎಂದು ಕರೆದಿದ್ದರು. ನಲವತ್ತೆರಡು ವರ್ಷ ಅವನು ಕಮ್ಮಾರ ಸೂಗಪ್ಪನಾಗಿ ಬದುಕಿದ್ದ, ಅದರಿಂದ ತೊಂದರೆಯೇನೂ ಆಗಿರಲಿಲ್ಲ. ಆದರೆ ಒಮ್ಮೆ ಮಿಸ್ತ್ರಿ ಅನ್ನಿಸಿಕೊಂಡ ಮೇಲೆ ಮತ್ತೆ ಕಮ್ಮಾರನಾಗುವುದು ಉಟ್ಟ ಧೋತರ ಸಂತೆಯಲ್ಲಿ ಬಿಚ್ಚಿದಂತೆ.

ಕೊಕ್ಕೆಯನ್ನು ಅವನು ಚೆನ್ನಾಗಿಯೇ ಬಡಿದಿದ್ದ. ಹಳೆಯ ಬಂಡಿಯ ಅಚ್ಚಿನ ಕಬ್ಬಿಣ, ಮುಂಗೈ ದಪ್ಪ. ಆ ಬಗ್ಗೆ ಅವನ ಮನಸ್ಸಿನಲ್ಲಿ ಯಾವ ಅಳುಕೂ ಇರಲಿಲ್ಲ. ಕೊಕ್ಕೆಯ ಹಿಂದೊಂದು ಕಬ್ಬಿಣದ ಹಲಗೆ, ಹಲಗೆಗೆ ನಾಲ್ಕು ಬೋಲ್ಟು. ಮೇಲಿನ ಎರಡು ಜೀಪಿನ ತೆಳು ತಗಡಿಗೆ, ಹಲಗೆ ಓರೆಯಾಗದಿರಲೆಂದು. ಎಳೆತದ ಭಾರವನ್ನೆಲ್ಲ ಹೊರಬೇಕಾದವು ಕೆಳಗಿನ ಎರಡು. ಅವು ಅಡ್ಡಪಟ್ಟಿಯನ್ನು ತೂರಿ ಆಚೆ ಹೋಗಿ ನಟ್ಟಿಗೆ ಸಿಗಬೇಕು. ಆ ಉಕ್ಕು ಅವನು ಇದುವರೆಗೆ ಕೊರೆದ ಯಾವ ಕಬ್ಬಿಣದಂತೆಯೂ ಇರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಒಂದು ತೂತು ಅರ್ಧಕ್ಕೆ ಬಂದು ನಿಂತಿತು, ಇನ್ನೊಂದರಲ್ಲಿ ಮೊನೆ ಚಟ್ಟೆಂದು ಮುರಿಯಿತು. ಬೇರೆ ಮೊನೆ ಮಲಂಗಸಾಬನ ಹತ್ತಿರ ಮಾತ್ರ ಇತ್ತು. ಸೂಗಪ್ಪ ಕಾರ್ಖಾನೆಯ ಬಾಗಿಲ ತನಕ ಹೋದ. ಒಳಗೆ ಮಲಂಗಸಾಬ ಯಾರೊಂದಿಗೋ ನಗುತ್ತಿದ್ದ. ತನ್ನ ವಿಷಯಕ್ಕೇ ನಗುತ್ತಿದ್ದಾನೆಂದು ಸೂಗಪ್ಪನಿಗೆ ಯಾವ ಆಧಾರವೂ ಇಲ್ಲದೆ ಖಾತ್ರಿಯಾಯಿತು. ತಿರುಗಿ ಬಂದು ಸೀಸ ಕಾಯಿಸಿದ.

ಸೀಸ ಹಿಡಿಯುವುದಿಲ್ಲ ಎಂದು ಯಾರು ಹೇಳಿದರು? ದೇವದುರ್ಗದಲ್ಲಿ ದನ ನೀರು ಕುಡಿಯುವ ಬಾನಿಯ ಕಲ್ಲಿಗೆ ಅಪ್ಪ ಸೀಸ ಹೊಯ್ದು ಕೂಡಿಸಿದ ಕಬ್ಬಿಣದ ಬಳೆ ಇಂದಿಗೂ ಅಲುಗಿಲ್ಲ, ಸೊಕ್ಕಿದ ಹೋರಿಗಳನ್ನು ಅದಕ್ಕೇ ಕಟ್ಟುತ್ತಾರೆ. ಈ ವಾದ ಒಂದು ವಾರ ಅವನನ್ನು ಕಾಪಾಡಿತ್ತು. ಕಲ್ಲಿನಲ್ಲಿ ತೂತು ಹೊಡೆಯುವಾಗ ಬಾಯಿ ಕಿರಿದು, ಒಳಗೆ ಅಗಲ ಮಾಡುತ್ತಾರೆ, ಸೀಸ ಒಳಗೆ ಉಬ್ಬಿ ಕೂರುತ್ತದೆ. ಬೈರಿಗೆಯ ತೂತು ಬಾಯಿಯಿಂದ ತಳದ ತನಕ ಒಂದೇ ಅಳತೆ, ಒಳಗೆ ಹೋದದ್ದು ಹಾಗೆಯೇ ಹೊರಗೂ ಬರುತ್ತದೆ. ಇದನ್ನು ಅವನಿಗೆ ಹೇಳಿಕೊಟ್ಟವನೂ ಅಪ್ಪನೇ. ವಾದದ ಆ ಭಾಗವನ್ನು ಸೂಗಪ್ಪ ತನಗೆ ತಾನು ಹೇಳಿಕೊಳ್ಳದೆ ಬಿಟ್ಟಿದ್ದ.

ಇವತ್ತು ಬೆಳಿಗ್ಗೆ ಡ್ರೈವರ್ ವಲಿ ಪಾಷಾ ಜೀಪನ್ನು ಕುಲುಮೆಯ ಮುಂದೆ ನಿಲ್ಲಿಸಿ, ಇಳಿಯದೆಯೇ ಕೂಗಿದ್ದ. "ಮಿಸ್ತ್ರೀ, ಬರ್ರಿ, ಮಾಲಕ್ ಕರದಾರ. ಚೀಕಲಪರ್ವಿ ಹಳ್ಳದಾಗ ನಮ್ಮ ನೀರೆತ್ತೋ ಇಂಜಿನ್ ಹೇರಿದ ಬಂಡಿ ಹೂತದ. ನಿಮ್ಮ ಕೊಕ್ಕಿಗೆ ಇವತ್ತ ಮೊದಲ ಕೆಲಸ."

ಒಳಗೆ ಹೆಂಡತಿ ದುರುಗಮ್ಮ ರೊಟ್ಟಿ ಕಟ್ಟಿಕೊಡುತ್ತಿದ್ದಳು. ಕುಲುಮೆಯ ಕಸ ಗುಡಿಸುವವಳು ಅವಳೇ, ಹೀಗಾಗಿ ಅಲ್ಲಿ ಏನು ಮುರಿದರೂ ಅವಳಿಗೆ ಗೊತ್ತಾಗುತ್ತಿತ್ತು. "ಬೈರಗಿ ಮೊನಿ ಮುರದದಲ್ರಿ, ಒಂದ ತುಂಡ ನಿಮ್ಮ ಕಿಸೆದಾಗ ಅದ. ಇನ್ನೊಂದು?"

"ಹೋತು."

"ಎಲ್ಲಿ ಹೋತ್ರಿ?"

"ಹೋತಂದ್ರ ಹೋತು. ಅದಕ್ಕೇನು ಊರು ಕೇರಿ ಅದ ಏನು?"

ರೊಟ್ಟಿಯ ಗಂಟನ್ನು ಕೈಗೆ ಕೊಡುವ ಬದಲು ಕಟ್ಟೆಯ ಮೇಲಿಟ್ಟಳು. ಅಷ್ಟಕ್ಕೇ ಅವನಿಗೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ಈ ಎರಡನ್ನೂ ರೊಟ್ಟಿಯ ಜೊತೆ ಕಂಕುಳಲ್ಲಿ ಇಟ್ಟುಕೊಂಡು ಜೀಪು ಹತ್ತಿದ.

ಮಾನ್ವಿಯ ದಾರಿಯಲ್ಲಿ ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ್ದರು, ಸರಿಯಾಗಿ ಕೊಕ್ಕೆಯ ನೆತ್ತಿಯ ಮೇಲೆ. ಪಕ್ಕದಲ್ಲಿ ದಪ್ಪ ಸರಪಳಿ ಸುರುಳಿ ಸುತ್ತಿ ಬಿದ್ದಿತ್ತು. ತಗ್ಗು ಬಂದಾಗಲೆಲ್ಲ ಸರಪಳಿ ಸದ್ದು ಮಾಡುತ್ತಿತ್ತು, ಸೂಗಪ್ಪ ಸರಪಳಿಯ ಸದ್ದಿನ ಕೆಳಗೆ ಇನ್ನೊಂದು ಸದ್ದಿಗೆ ಕಿವಿಗೊಡುತ್ತಿದ್ದ. ಕೇಳಿಸಲಿಲ್ಲ. ಸೀಸ ಸದ್ದು ಮಾಡುವ ಲೋಹವಲ್ಲ. ಮುಂದೆ ಕೂತಿದ್ದ ಜಿಲಾನಿ ಪಾಷಾ ಒಂದೇ ಸಮ ಮಾತಾಡುತ್ತಿದ್ದರು. ನಿಜಾಮರ ಆಳ್ವಿಕೆ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ; ಆ ಗಲಾಟೆಯಲ್ಲಿ ಐದಾರು ತಿಂಗಳು ಅಂಗಡಿಯ ಬಾಗಿಲು ತೆರೆಯದೆ ಕೂತಿದ್ದ ಮನುಷ್ಯ, ಈಗ ಹೊಳೆಯ ದಂಡೆಗೆ ಎಣ್ಣೆ ಇಂಜಿನ್ ಕೂಡಿಸಿ ಹೊಲಕ್ಕೆ ನೀರು ಹತ್ತಿಸಿಯೇ ತೀರುತ್ತೇನೆ ಎನ್ನುತ್ತಿದ್ದರು. ಅವರ ಉತ್ಸಾಹ ಕಂಡು ಸೂಗಪ್ಪನಿಗೆ ನಿಜವಾಗಿಯೂ ಸಂಕಟವಾಯಿತು. ಕೆಟ್ಟ ಮನುಷ್ಯನಾಗಿದ್ದರೆ ಎಷ್ಟೋ ಸುಲಭವಿತ್ತು. ಕಲ್ಲೂರು ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡ. ದಾಟಿತು. ಆ ಬೇವಿನ ಮರ ಬರಲಿ ಎಂದುಕೊಂಡ. ಬೇವಿನ ಮರಗಳು ಆ ದಾರಿಯಲ್ಲಿ ಬೇಕಾದಷ್ಟಿದ್ದವು.

ಒಮ್ಮೆ ಬಾಯಿ ತೆರೆದದ್ದು ನಿಜ. "ಮಾಲಕ್ರ," ಎಂದ.

ಜಿಲಾನಿ ಪಾಷಾ ತಿರುಗಿ ಎಲೆ ಅಡಿಕೆಯ ಡಬ್ಬಿ ಮುಂದೆ ಹಿಡಿದರು. "ತಗೋರಿ ಮಿಸ್ತ್ರೀ, ಸಂಕೋಚ ಯಾಕ? ನಿಮ್ಮ ಅಪ್ಪ ನಮ್ಮ ಅಬ್ಬಾನ ಬಂಡಿಗೆ ಹಳಿ ಕಟ್ಟಿ, ಮೊದಲ ಹೊರಿಗೆ ದೇವದುರ್ಗದಿಂದ ನಮ್ಮ ಕಣದ ತನ ಬಂಡಿ ಹಿಂದ ನಡದಿದ್ರು, ಕೈ ಬಂಡಿ ಮ್ಯಾಲಿಟ್ಟು. ಎರಡು ದಿನ! ಇವತ್ತ ನೀವೂ ಹಂಗ ನಡೀಬೇಕು. ನಿಮ್ಮ ಪದ್ಧತಿ ನಾ ಬಿಡಂಗಿಲ್ಲ."

ಸೂಗಪ್ಪ ಎಲೆ ತೆಗೆದುಕೊಂಡ. ಬಾಯಿ ತುಂಬಿತು. ಆ ಪದ್ಧತಿ ಹೊರಗಿನವರಿಗೆ ಗೊತ್ತಿರುವುದೇ ಅವನಿಗೆ ಗೊತ್ತಿರಲಿಲ್ಲ. ಗಾಲಿಗೆ ಕಬ್ಬಿಣದ ಹಳಿ ಕಟ್ಟಿದವನು ಮೊದಲ ಹೊರೆ ಇಳಿಯುವ ತನಕ ಬಂಡಿಯ ಹಿಂದೆ ಕೈಯಿಟ್ಟು ನಡೆಯಬೇಕು. ಕಬ್ಬಿಣ ಸೋತರೆ ಮೊದಲು ಅದು ತಿಳಿಯಬೇಕಾದದ್ದು ಕಟ್ಟಿದವನ ಕೈಗೆ. ಅಪ್ಪ ಆ ನಡಿಗೆಯಿಂದ ಬಂದಾಗ ಕಾಲು ಒಡೆದು ರಕ್ತ ಬಂದಿತ್ತು. ಅಂಥ ಸುಖದ ಮುಖವನ್ನು ಸೂಗಪ್ಪ ಮತ್ತೆ ಯಾರಲ್ಲೂ ಕಂಡಿರಲಿಲ್ಲ. ಮಾನ್ವಿಯಲ್ಲಿ ಜೀಪು ನಿಂತಾಗ ಜಿಲಾನಿ ಪಾಷಾ ಕೊಕ್ಕೆಯ ಪೂಜೆಗೆಂದು ಅವನಿಗಾಗಿಯೇ ಒಂದು ತೆಂಗಿನಕಾಯಿ ಕೊಂಡರು. ಸಂತೆಗೆ ಬಂದವರು ಸುತ್ತ ನೆರೆದು ಕೊಕ್ಕೆಯನ್ನು ನೋಡಿದರು. ಒಬ್ಬ ಕಾಲಿನಿಂದ ಒದ್ದು, "ಗಟ್ಟಿ ಅದ ಬಿಡ್ರಿ," ಎಂದು ತೀರ್ಪು ಕೊಟ್ಟ. ಸೂಗಪ್ಪ ಎಲೆ ಉಗಿಯುವ ನೆಪದಲ್ಲಿ ದೂರ ಹೋದ.

ಚೀಕಲಪರ್ವಿಯ ಈಚೆಗೆ, ಹೊಳೆ ಇನ್ನೂ ಎರಡು ಹೊಲದಾಚೆ ಇರುವಾಗ, ಹಳ್ಳದ ಎರೆಮಣ್ಣಿನಲ್ಲಿ ಬಂಡಿ ಅಚ್ಚಿನ ಮಟ ಹೂತಿತ್ತು. ಮೇಲೆ ಗೋಣಿತಟ್ಟು ಹೊದ್ದ ಇಂಜಿನ್. ಎತ್ತುಗಳನ್ನು ಬಿಚ್ಚಿ ದೂರ ಕಟ್ಟಿದ್ದರು, ಅವಕ್ಕೆ ಇನ್ನು ಈ ವಿಷಯದಲ್ಲಿ ಆಸಕ್ತಿ ಇದ್ದಂತಿರಲಿಲ್ಲ. ಮೂವತ್ತರ ಆಸುಪಾಸಿನ, ಮೊಣಕಾಲ ತನಕ ಕೆಸರಾದ ಒಬ್ಬ ಆಳು ಬಂಡಿಯ ಪಕ್ಕದಲ್ಲಿ ಕೂತಿದ್ದವನು ಜೀಪು ಕಂಡು ಎದ್ದು ನಿಂತ. ತಾಯಣ್ಣ ಎಂದು ಅವನ ಹೆಸರು, ಊರ ಹೊರಗಿನ ಕೇರಿಯವನು, ಎರಡು ದಿನದಿಂದ ಇಂಜಿನ್ ಕಾಯುತ್ತ ಮಳೆಯಲ್ಲೇ ಬಿದ್ದುಕೊಂಡಿದ್ದಾನೆ ಎಂದು ವಲಿ ಪಾಷಾ ಹೇಳಿದ. ತಾಯಣ್ಣ ಎಲ್ಲರಿಗೂ ಒಟ್ಟಿಗೆ ಒಂದು ಸಲ ಕೈ ಮುಗಿದು, ಕೊಕ್ಕೆಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು ನೋಡಿದ. ಮುಟ್ಟಲಿಲ್ಲ. ತೆಂಗಿನಕಾಯಿ ಒಡೆಯುವುದಿನ್ನೂ ಬಾಕಿಯಿತ್ತಲ್ಲ, ಪೂಜೆಗೆ ಮುಂಚೆ ತಾನು ಮುಟ್ಟಿದರೆ ಮಿಸ್ತ್ರಿಗೆ ಏನನ್ನಿಸುತ್ತದೋ ಎಂದಿರಬೇಕು. "ನೀವಾ ಏನ್ರಿ ಮಾಡಿದ್ದು?" ಎಂದ. ಸೂಗಪ್ಪ ಹೂಂ ಅಂದ. "ನಾಕು ಬೋಲ್ಟು," ಎಂದು ತಾಯಣ್ಣ ತಲೆಯಾಡಿಸಿದ.

ತೆಂಗಿನಕಾಯಿಯನ್ನು ಕೊಕ್ಕೆಯ ಮೇಲೆಯೇ ಒಡೆಯಬೇಕಿತ್ತು. ಸೂಗಪ್ಪ ಕಾಯಿ ಎತ್ತಿದ, ಜೋರಾಗಿ ಹೊಡೆದರೆ ಕೆಳಗಿನ ತಲೆಗಳು ಉದುರಿ ಎಲ್ಲರ ಮುಂದೆ ಕೆಸರಿಗೆ ಬೀಳುತ್ತವೆ ಎಂದು ಕಣ್ಣಿಗೆ ಕಟ್ಟಿ ಕೈ ತಾನಾಗಿ ತಡೆಯಿತು. ಕಾಯಿ ಟೊಣ್ಣೆಂದಿತು. ಎರಡನೆಯ ಸಲವೂ ಅಷ್ಟೆ. ದಿನವೆಲ್ಲ ಸುತ್ತಿಗೆ ಬೀಸುವವನ ಕೈಯಲ್ಲಿ ಒಂದು ಕಾಯಿ ಒಡೆಯದಿರುವುದನ್ನು ಮೂವರೂ ನೋಡುತ್ತಿದ್ದರು; ವಲಿ ಪಾಷಾ ಮುಖ ಆಚೆ ತಿರುಗಿಸಿಕೊಂಡು ನಕ್ಕ. ಮೂರನೆಯ ಸಲಕ್ಕೆ ಜಿಲಾನಿ ಪಾಷಾ ಕಾಯಿಯನ್ನು ಅವನ ಕೈಯಿಂದ ಇಸಿದುಕೊಂಡು, ಬಿಸ್ಮಿಲ್ಲಾ ಎಂದು ಕೊಕ್ಕೆಯ ಮೇಲೆ ಅಪ್ಪಳಿಸಿ ಎರಡು ಹೋಳು ಮಾಡಿದರು. ಬೋಲ್ಟಿನ ತಲೆಗಳು ಅಲುಗಲಿಲ್ಲ. ಅವು ಬೀಳಬಾರದೆಂದು ಬೇಡಿಕೊಂಡಿದ್ದ ಸೂಗಪ್ಪನಿಗೆ, ಬೀಳದೆ ಹೋದದ್ದು ಕಂಡು ನಿರಾಸೆಯಾಯಿತು. ಬಿದ್ದಿದ್ದರೆ ಅದು ತಾನಾಗಿ ಬಿದ್ದದ್ದಾಗುತ್ತಿತ್ತು. ಇನ್ನು ಹೇಳುವವನು ಅವನೊಬ್ಬನೇ ಉಳಿದ.

ಸರಪಳಿಯ ಒಂದು ತುದಿ ಬಂಡಿಯ ಅಚ್ಚಿಗೆ, ಇನ್ನೊಂದು ಕೊಕ್ಕೆಗೆ. ಎತ್ತಿಲ್ಲದ ಬಂಡಿಯನ್ನು ಎಳೆಯುವಾಗ ನೊಗ ಕಟ್ಟುವ ಮುಂದಿನ ಮರ, ಮೂಕಿ, ಮೇಲೇಳದಂತೆ, ಅತ್ತಿತ್ತ ಹೊರಳದಂತೆ ಒಬ್ಬರು ಅದರ ಮೇಲೆ ಭಾರ ಹಾಕಿ ಕೂರಬೇಕು. ಯಾರೂ ಯಾರಿಗೂ ಹೇಳಲಿಲ್ಲ. ತಾಯಣ್ಣ ಹೋಗಿ ಕೂತ. ಅದು ಯಾವಾಗಲೂ ಅವನ ಜಾಗವೇ ಆಗಿರಬೇಕು. ಮೂಕಿಯ ಆಚೆ ಈಚೆ ಕಾಲು ಇಳಿಬಿಟ್ಟು, ಕೆಳಗೆ ಹಾದ ಸರಪಳಿಯ ಮೇಲೆ ಒಂದು ಕೈಯಿಟ್ಟು, ಮುಖ ಜೀಪಿನ ಕಡೆ ಮಾಡಿ ಕೂತ. ಕೊಕ್ಕೆಗೂ ಅವನ ಎದೆಗೂ ಆರು ಮೊಳವಿದ್ದೀತು. ತಗಡು ಹರಿದು ಕೊಕ್ಕೆ ಕಿತ್ತುಬಂದರೆ ಅದು ಎಲ್ಲಿಗೆ ಬರುತ್ತದೆಂದು ಸೂಗಪ್ಪನಿಗೆ ಲೆಕ್ಕ ಹಾಕಬೇಕಾಗಿಯೇ ಇರಲಿಲ್ಲ, ಆ ದಾರಿ ಗೆರೆ ಎಳೆದಂತೆ ಕಾಣುತ್ತಿತ್ತು. ತನ್ನ ಜಾಗ ಕೊಕ್ಕೆಯ ಪಕ್ಕದಲ್ಲಿ, ಕೈ ಕಬ್ಬಿಣದ ಮೇಲೆ. ತನಗೆ ಏನೂ ಆಗುವುದಿಲ್ಲ. ಅಪ್ಪನ ಪದ್ಧತಿ ಬಂಡಿಗಾಗಿ ಹುಟ್ಟಿದ್ದು. ಸರಪಳಿಯ ಆ ತುದಿಯಲ್ಲಿ ಕೂರುವವನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಜೀಪಿನ ಇಂಜಿನ್ ಶುರುವಾಯಿತು. ಸರಪಳಿ ಕೆಸರಿನಿಂದ ಒಂದೊಂದೇ ಕೊಂಡಿಯಾಗಿ ಎದ್ದಿತು. ತಾಯಣ್ಣ ಸೂಗಪ್ಪನನ್ನು ನೋಡಿ ನಕ್ಕ, ಇಬ್ಬರೂ ಒಂದೇ ಕೆಲಸದಲ್ಲಿದ್ದೇವೆ ಎಂಬಂತೆ.

"ಇಳಿ," ಎಂದ ಸೂಗಪ್ಪ.

"ಏನ್ರಿ?"

"ಮೂಕಿ ಬಿಟ್ಟು ಇಳಿಯೋ! ವಲಿ ಪಾಷಾ, ನಿಲ್ಲಸ್ರಿ, ನಿಲ್ಲಸ್ರಿ! ಕೆಳಗಿನ ಎರಡೂ ಸುಳ್ಳು ಅವ."

ಜೀಪು ನಿಂತಿತು. ಜಿಲಾನಿ ಪಾಷಾ ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಬಂದರು. "ಸುಳ್ಳು ಅಂದ್ರ?"

ಸೂಗಪ್ಪ ಕಿಸೆಯಿಂದ ಬೈರಿಗೆಯ ಮುರುಕು ತೆಗೆದು, ಅದರ ತುದಿಯಿಂದಲೇ ಬೋಲ್ಟಿನ ತಲೆಯನ್ನು ಮೀಟಿದ. ಹಸಿರು ಬಣ್ಣ ಸೀಳಿ, ಬೆರಳ ಗೆಣ್ಣಿನಷ್ಟುದ್ದದ ಬೋಲ್ಟು ಸೀಸ ಸಮೇತ ಕೆಸರಿಗೆ ಬಿತ್ತು. ಇನ್ನೊಂದೂ ಬಿತ್ತು. ಆಮೇಲೆ ಸರಪಳಿ ಕಳಚಿ, ಬಂಡಿಯಲ್ಲಿದ್ದ ಹಾರೆಯನ್ನು ತಂದು ಕೊಕ್ಕೆಗೆ ಸಿಕ್ಕಿಸಿ ಮೈಭಾರ ಹಾಕಿದ. ಒಬ್ಬ ಮನುಷ್ಯನ ಭಾರ. ಮೇಲಿನ ತಗಡು ಪರ್ರೆಂದು ಹರಿದು ಕೊಕ್ಕೆ ಹಲಗೆ ಸಮೇತ ಅವನ ಪಾದದ ಹತ್ತಿರ ಬಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಆದರೆ ಮಾಡಿದ ಮೇಲೆ ಅವನಿಗೆ ಒಂದು ಬಗೆಯ ಹಗುರವಾಯಿತು. ಹೇಳಿಬಿಟ್ಟೆ, ಒಂದು ಜೀವ ಉಳಿಸಿದೆ ಎಂಬ ಮಾತು ಮನಸ್ಸಿನೊಳಗೆ ಮೂಡಿತು. ಅದು ಅವನಿಗೆ ಇಷ್ಟವೂ ಆಯಿತು.

ಜಿಲಾನಿ ಪಾಷಾ ಬಯ್ಯಲಿಲ್ಲ. ತುಂಡು ಬೋಲ್ಟೊಂದನ್ನು ಎತ್ತಿ ಕರವಸ್ತ್ರದಿಂದ ಒರೆಸಿ ತಿರುಗಿಸಿ ನೋಡಿದರು. "ರಾಯಚೂರಿನ್ಯಾಗ ಹೇಳಿದ್ರ ಆಗ್ತಿತ್ತಲ್ಲೋ ಸೂಗ್ಯಾ," ಎಂದರು. ಅಷ್ಟೆ. ಸೂಗ್ಯಾ ಎಂದು ಅವರು ಕರೆದಿದ್ದು ಅದೇ ಮೊದಲು; ಕಮ್ಮಾರನಾಗಿದ್ದಾಗಲೂ ಅವನು ಸೂಗಪ್ಪನೇ ಆಗಿದ್ದ.

ಆಮೇಲಿನದು ಸುಲಭವಾಗಿ ಮುಗಿದದ್ದೇ ಅವಮಾನ. ವಲಿ ಪಾಷಾ ಜೀಪಿನ ಅಡಿಗೆ ತೂರಿ, ಸರಪಳಿಯನ್ನು ಅಡ್ಡಪಟ್ಟಿಗೇ ಎರಡು ಸುತ್ತು ಸುತ್ತಿ ಬಿಗಿದ. "ಮೊದಲಾ ಹಿಂಗ ಸುತ್ತಿದ್ರ ಕೊಕ್ಕೀನಾ ಬೇಕಾಗ್ತಿರಲಿಲ್ಲ," ಎಂದು ಹೊರಗೆ ಬಂದು ಯಾರಿಗೆಂದಿಲ್ಲದೆ ಹೇಳಿದ. ತಾಯಣ್ಣ ತಿರುಗಿ ಹೋಗಿ ಮೂಕಿಯ ಮೇಲೆ ಕೂತ. ಈ ಸಲ ಕೂರುವ ಮುಂಚೆ ಜೀಪಿನ ಅಡಿಗೆ ಬಗ್ಗಿ ಸುತ್ತು ನೋಡಿ, ಎಳೆದೂ ನೋಡಿದ. ನಾಲ್ಕೂ ಗಾಲಿ ಒಮ್ಮೆ ಗಿರ್ರೆಂದು ಕೆಸರು ಎರಚಿದವು, ಬಂಡಿ ದೊಡ್ಡದಾಗಿ ಉಸಿರುಬಿಟ್ಟು ಮೇಲೆ ಬಂತು. ಗಟ್ಟಿ ನೆಲದಲ್ಲಿ ಎತ್ತು ಹೂಡಿದರು.

ಬಂಡಿ ಹೊಳೆಯ ಕಡೆ ಹೊರಟಾಗ ಸೂಗಪ್ಪ ಹಿಂದೆ ಹೋಗಿ ಅದರ ಮೇಲೆ ಕೈಯಿಟ್ಟ. ಅದರಲ್ಲಿ ಅವನು ಕಟ್ಟಿದ ಒಂದು ಮೊಳೆಯೂ ಇರಲಿಲ್ಲ. ಜೀಪಿನಲ್ಲಿ ಕೂರು ಎಂದು ಯಾರೂ ಅನ್ನಲಿಲ್ಲ, ನಡೆಯಬೇಡ ಎಂದೂ ಅನ್ನಲಿಲ್ಲ. ಎರೆಮಣ್ಣು ಚಪ್ಪಲಿಗೆ ಅಂಟಿ ಕಾಲು ಭಾರವಾಯಿತು. ಚಪ್ಪಲಿ ಬಿಟ್ಟ. ಅಪ್ಪನ ಒಡೆದ ಕಾಲು ನೆನಪಾಗಿ, ಈ ನಡಿಗೆಗೆ ಆ ಕಾಲನ್ನು ಎಳೆದು ತಂದದ್ದಕ್ಕೆ ನಾಚಿಕೆಯಾಯಿತು. ಆದರೂ ಒಳಗಿನ ಆ ಹಗುರ ಇನ್ನೂ ಇತ್ತು. ಹೋದರೆ ಹೆಸರು ಹೋಯಿತು, ಹೇಳಿದೆನಲ್ಲ. ತಾಯಣ್ಣ ಎತ್ತುಗಳನ್ನು ಅವುಗಳ ಪಾಡಿಗೆ ನಡೆಯಲು ಬಿಟ್ಟು ಹಿಂದಕ್ಕೆ ಬಂದು ಅವನ ಪಕ್ಕದಲ್ಲಿ, ಎರಡು ಮೊಳ ದೂರದಲ್ಲಿ ನಡೆಯತೊಡಗಿದ. ಕೃತಜ್ಞತೆ ಹೇಳಲು ಬಂದಿದ್ದಾನೆ ಎಂದುಕೊಂಡು ಸೂಗಪ್ಪ ಅದನ್ನು ಬೇಡವೆನ್ನಲು ಮಾತು ಹುಡುಕಿಟ್ಟುಕೊಂಡ.

"ಮಿಸ್ತ್ರೀ," ಎಂದ ತಾಯಣ್ಣ. ಅವನೊಬ್ಬ ಇನ್ನೂ ಹಾಗೆಯೇ ಕರೆಯುತ್ತಿದ್ದ. "ಒಂದ ಮಾತು ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಮೂಕಿ ಮ್ಯಾಲ ಮಾಲಕ್ರು ಕುಂದ್ರೂದು ಅಂತ ನಿಮಗ ಗೊತ್ತಿದ್ರ, ರಾಯಚೂರಿನ್ಯಾಗ ಹೇಳ್ತಿದ್ರೇನ್ರಿ?"

ಸಿಟ್ಟೇನೂ ಇರಲಿಲ್ಲ ಆ ದನಿಯಲ್ಲಿ. ಮಳೆ ಬರುತ್ತದೆಯೇ ಎಂದು ಕೇಳಿದ ಹಾಗೆ ಕೇಳಿದ್ದ. ಸೂಗಪ್ಪ ಬಂಡಿಯ ಮೇಲಿನ ತನ್ನ ಕೈಯನ್ನೇ ನೋಡುತ್ತ ನಡೆದ. ಒಂದು ಹೊಲ ದಾಟಿತು. ಬೆಳಗಿನಿಂದ ಜೀಪಿನಲ್ಲಿ ಕೂತು ಕೊಕ್ಕೆ ಕಿತ್ತುಬರುವುದನ್ನು ಮನಸ್ಸಿನಲ್ಲಿ ಎಷ್ಟು ಸಲ ಕಂಡಿದ್ದ. ಪ್ರತಿ ಸಲವೂ ಸರಪಳಿಯ ಆ ತುದಿಯಲ್ಲಿ ಒಬ್ಬ ಆಳು ಇದ್ದ, ಅವನಿಗೆ ಮುಖ ಇರಲಿಲ್ಲ. ಅಲ್ಲಿ ಜಿಲಾನಿ ಪಾಷಾರನ್ನು ಕೂರಿಸಿ ನೋಡಿದ. ಕಲ್ಲೂರು ಬರುವ ತನಕ ಬೇಡ, ಕುಲುಮೆಯ ಮುಂದೆಯೇ ಬಾಯಿ ತೆರೆಯುತ್ತಿತ್ತು. ಜೀಪು ಹತ್ತುವ ಮುಂಚೆಯೇ. ಒಳಗಿದ್ದ ಹಗುರ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹುಡುಕಿಟ್ಟುಕೊಂಡಿದ್ದ ಮಾತೂ ಅದರ ಜೊತೆ ಹೋಯಿತು.

ಹೊಳೆಯ ದಂಡೆ ಬಂತು. ಅಲ್ಲಿ ಕಾದಿದ್ದ ಆಳುಗಳು ಹಗ್ಗ ಹಾಕಿ ಇಂಜಿನ್ನನ್ನು ಹಲಗೆಗಳ ಮೇಲೆ ಇಳಿಸಿದರು. ತಾಯಣ್ಣನೂ ಹೆಗಲು ಕೊಟ್ಟು, ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ಬಂದ. ಸೂಗಪ್ಪ ಖಾಲಿ ಬಂಡಿಯನ್ನು ಹಿಡಿದುಕೊಂಡೇ ನಿಂತಿದ್ದ.

"ಹೇಳ್ತಿದ್ದೆ," ಎಂದ.

"ಹಂಗಾ ಅನಕೊಂಡಿದ್ದೆ," ಎಂದ ತಾಯಣ್ಣ. ಎತ್ತಿಗೆ ನೀರು ಕುಡಿಸಲು ಹೊರಟವನು ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದ. "ಹೊರಿ ಇಳೀತ್ರಿ ಮಿಸ್ತ್ರೀ. ಇನ್ನ ಕೈ ತಗೀರಿ."